ಭಾನುವಾರದ ದೋಸೆಗೆ ಅವ್ವ ಯಾಕೆ ಬರಲಿಲ್ಲ?

ಅಕ್ಕಂದಿರೇ, ಈ ಸಲ ಜಂತುಹುಳುವಿನ ಔಷಧಿ, ಕಾಲುಬಾಯಿ ಲಸಿಕೆ, ಖನಿಜ ಮಿಶ್ರಣ ಯಾವುದರ ಬಗ್ಗೆಯೂ ಬರೆಯುತ್ತಿಲ್ಲ. ದೋಸೆಯ ಬಗ್ಗೆ ಬರೆಯುತ್ತಿದ್ದೇನೆ. ಪಶುವೈದ್ಯೆಗೆ ದೋಸೆಯ ಉಸಾಬರಿ ಯಾಕೆ ಅಂತ ಪುಟ ತಿರುವಬೇಡಿ. ತಿರುಗಿ ಹಸುವಿನ ಹತ್ತಿರವೇ ಬರುತ್ತೇನೆ.

ನಮ್ಮ ಮನೆ ದಾವಣಗೆರೆಯಲ್ಲಿ. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನಾನು, ನಮ್ಮನೆಯವರು, ಇಬ್ಬರು ಮಕ್ಕಳು, ಅತ್ತೆ, ಐದೂ ಜನ ಬೆಣ್ಣೆ ದೋಸೆ ಹೋಟೆಲಿಗೆ ಹೋಗುತ್ತೇವೆ. ಭಾನುವಾರ ಅಲ್ಲಿನ ಗದ್ದಲ ನೋಡಿದವರಿಗೆ ಗೊತ್ತು. ತಿನ್ನುವವರ ಬೆನ್ನ ಹಿಂದೆ ಕಾಯುವವರು ನಿಂತಿರುತ್ತಾರೆ. ಎಲೆಯಲ್ಲಿ ಕೊನೆಯ ತುತ್ತು ಉಳಿದಿರುವಾಗಲೇ ಕುರ್ಚಿಯ ಬೆನ್ನು ಹಿಡಿದುಕೊಂಡಿರುತ್ತಾರೆ. ಒಳಗೆ ಸೌದೆ ಒಲೆ, ಅದರ ಮೇಲೆ ಕರಿ ಕಾವಲಿ. ಹಿಟ್ಟು ಹುಯ್ದು, ಮೇಲೆ ಬೆಣ್ಣೆ ಹಾಕಿ, ಮಗುಚಿ, ಮತ್ತೆ ಬೆಣ್ಣೆ. ಜೊತೆಗೆ ಅರಿಶಿನ ಹಾಕದ ಬಿಳಿ ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ. ಮಾಣಿ ಬಂದು ‘ಬೆಣ್ಣೆಯೋ, ಖಾಲಿಯೋ, ಓಪನ್ನೋ’ ಅಂತ ಕೇಳಿ, ನಾವು ಉತ್ತರ ಮುಗಿಸುವುದರೊಳಗೆ ಮುಂದಿನ ಟೇಬಲ್ಲಿಗೆ ಹೋಗಿರುತ್ತಾನೆ.

ನಮ್ಮವ್ವನನ್ನು ಒಂದು ಸಲವಾದರೂ ಅಲ್ಲಿಗೆ ಕರೆದುಕೊಂಡು ಹೋಗಬೇಕೆಂದು ನಾನು ಮೂರು ವರ್ಷದಿಂದ ಒದ್ದಾಡಿದ್ದೇನೆ. ಅವ್ವ ಇರುವುದು ಊರಲ್ಲಿ, ಅಣ್ಣನ ಜೊತೆ. ಎರಡು ಮಿಶ್ರತಳಿ ಹಸು. ಶನಿವಾರ ಸಂಜೆ ಬಂದರೆ ರಾತ್ರಿ ನಮ್ಮಲ್ಲಿ ಉಳಿದು ಬೆಳಿಗ್ಗೆ ಹೋಗಬಹುದು. ಪ್ರತಿ ಸಲ ಫೋನಿನಲ್ಲಿ ಒಂದೇ ಉತ್ತರ.

“ಗೌರಿ ನನ್ನ ಕೈ ಬಿಟ್ಟು ಬೇರೆಯೋರಿಗೆ ಸೊರ ಬಿಡಂಗಿಲ್ಲ ಕಣವ್ವ. ನೀವು ತಿಂದ್ಬರ್ರಿ.”

ಗೌರಿಗೂ ಮೊದಲು ಗಂಗೆ ಇದ್ದಳು. ಗಂಗೆಗೂ ಮೊದಲು ಒಂದು ಎಮ್ಮೆ. ಆ ಎಮ್ಮೆ, ಆ ಗಂಗೆಯ ಹಾಲಿನ ಬಟವಾಡೆಯಲ್ಲೇ ನಾನು ಪಶುವೈದ್ಯಕೀಯ ಓದಿದ್ದು. ಹಸುವಿನ ಕೆಚ್ಚಲಿನೊಳಗೆ ಏನೇನಿದೆ ಅಂತ ಐದು ವರ್ಷ ಓದಿದ ನಾನು, ಆ ಕೆಚ್ಚಲಿನ ಕೆಳಗೆ ಕೂತವಳು ಮೂವತ್ತು ವರ್ಷದಿಂದ ಒಂದು ಬೆಳಗೂ ಎದ್ದು ಹೋಗಿಲ್ಲ ಎನ್ನುವುದನ್ನು ಗಮನಿಸಿದ್ದು ಬಹಳ ತಡವಾಗಿ.

ಹೋದ ಸಲ ಹೋಟೆಲಿನಲ್ಲಿ ನನ್ನ ಮಗಳು, ಎಂಟು ವರ್ಷದವಳು, ದೋಸೆಯ ಮೇಲೆ ಕರಗುತ್ತಿದ್ದ ಬೆಣ್ಣೆ ನೋಡಿ, “ಇದು ಅಜ್ಜಿ ಹಸುದಾ?” ಅಂದಳು. ಇರಲಿಕ್ಕಿಲ್ಲ ಅಂದೆ. ಆಮೇಲೆ ಅಲ್ಲೇ ಕೂತು ಲೆಕ್ಕ ಹಾಕಿದೆ. ನಿಮಗೂ ಹೇಳುತ್ತೇನೆ. ಡಿಗ್ರಿ ಅಂದರೆ ಏನು ಅಂತ ನಿಮಗೆ ಹೇಳಿಕೊಡಬೇಕಿಲ್ಲ. 4 ಡಿಗ್ರಿ ಇರುವ ಹಾಲಿನಲ್ಲಿ ನೂರಕ್ಕೆ 4 ಪಾಲು ಜಿಡ್ಡು. ಬೆಣ್ಣೆಯಲ್ಲಿ ನೂರಕ್ಕೆ 80 ಪಾಲು ಜಿಡ್ಡು. ಹಾಗಾಗಿ ಒಂದು ಕಿಲೋ ಬೆಣ್ಣೆ ಆಗಬೇಕಾದರೆ ಸುಮಾರು 20 ಲೀಟರ್ ಹಸುವಿನ ಹಾಲು ಬೇಕು. ಒಂದು ದೋಸೆಗೆ ಕಡಿಮೆ ಅಂದರೂ 25 ಗ್ರಾಂ ಬೆಣ್ಣೆ ಬೀಳುತ್ತದೆ ಅಂದುಕೊಳ್ಳಿ. ಅಂದರೆ ಒಂದು ದೋಸೆಯ ಮೇಲೆ ಅರ್ಧ ಲೀಟರ್ ಹಾಲಿನ ಬೆಣ್ಣೆ. ಕೆನೆ ತೆಗೆದ ಹಾಲು ಮಜ್ಜಿಗೆ, ಪುಡಿ ಅಂತ ಬೇರೆ ದಾರಿ ಹಿಡಿಯುತ್ತದೆ, ಅದು ಬೇರೆ ಮಾತು. ಆದರೆ ಕೆನೆ ಬಂದು ಕೂತಿರುವುದು ಈ ಎಲೆಯ ಮೇಲೆ. ಕೊನೆಗೆ ಒಂದು ಕಾಫಿ ಕುಡಿದರೆ ಅದರಲ್ಲಿ ಇನ್ನೂ ಒಂದಿಷ್ಟು ಹಾಲು.

ಆ ಹೋಟೆಲಿನಲ್ಲಿ ಅವತ್ತು ನೂರು ಜನ ಕೂತಿದ್ದರು ಅನ್ನಿ. ಅವರಲ್ಲಿ ಆ ಬೆಳಿಗ್ಗೆ ಹಾಲು ಹಿಂಡಿ ಬಂದ ಹೆಂಗಸು ಎಷ್ಟು ಜನ? ಒಬ್ಬರೂ ಇದ್ದಂತೆ ನನಗೆ ಕಾಣಲಿಲ್ಲ.

ದಾವಣಗೆರೆಗೆ ಈ ದೋಸೆ ತಂದುಕೊಟ್ಟವಳೇ ಒಬ್ಬ ಹೆಂಗಸು ಅಂತ ಊರಿನವರು ಹೇಳುತ್ತಾರೆ. 1928ರಲ್ಲಿ ಬೆಳಗಾವಿ ಸೀಮೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಎನ್ನುವವರು ಮೊದಲು ರಾಗಿ ದೋಸೆ ಮಾಡಿ ಮಾರುತ್ತಿದ್ದರಂತೆ. ಅಕ್ಕಿ, ಉದ್ದು, ಮಂಡಕ್ಕಿ ರುಬ್ಬಿದ ಹಿಟ್ಟಿಗೆ ಬೆಣ್ಣೆ ಹಾಕಿ ಸುಡುವುದು ಆಮೇಲೆ ಬಂದದ್ದು. ದೋಸೆ ಸುಟ್ಟವಳೂ ಹೆಂಗಸು, ಬೆಣ್ಣೆಗೆ ಹಾಲು ಹಿಂಡಿದವಳೂ ಹೆಂಗಸು. ಕೂತು ತಿನ್ನುವಾಗ ಮಾತ್ರ ಅವಳು ಊರಲ್ಲಿ ಕೊಟ್ಟಿಗೆಯಲ್ಲಿರುತ್ತಾಳೆ.

ಆ ವಾರವೇ ಒಂದು ಮಹಿಳಾ ಹಾಲು ಉತ್ಪಾದಕರ ಸಂಘದಲ್ಲಿ ನಮ್ಮ ಕಾರ್ಯಕ್ರಮವಿತ್ತು. ಕೆಚ್ಚಲು ಬಾವಿನ ಬಗ್ಗೆ ಮಾತಾಡುವುದು ಮುಗಿದ ಮೇಲೆ ಸುಮ್ಮನೆ ಕೇಳಿದೆ: “ಮನೆಯವರ ಜೊತೆ, ಭಾನುವಾರ ಬೆಳಿಗ್ಗೆ, ದಾವಣಗೆರೆಗೆ ಹೋಗಿ ಬೆಣ್ಣೆ ದೋಸೆ ತಿಂದವರು ಕೈ ಎತ್ರಿ.” ನಗು ಎದ್ದಿತು. ಎರಡು ಕೈ ಎದ್ದವು. ಅದರಲ್ಲಿ ಒಬ್ಬರು ಮದುವೆಯಾದ ಹೊಸತರಲ್ಲಿ ಹೋದದ್ದು, ಈಗ ಅವರ ಮಗನೇ ಪಿಯುಸಿ. ಆಸ್ಪತ್ರೆಗೆ ಹೋದಾಗ ತಿಂದವರಿದ್ದರು, ಸೀರೆ ಜವಳಿಗೆ ಹೋದಾಗ ಗಡಿಬಿಡಿಯಲ್ಲಿ ತಿಂದವರಿದ್ದರು. “ನಮಗೆ ಪಾರ್ಸಲ್ ಬರ್ತೈತ್ರಿ ಡಾಕ್ಟ್ರಮ್ಮಾರೇ,” ಅಂದರು ಹಿಂದಿನ ಸಾಲಿನಿಂದ ಒಬ್ಬರು. ಎಲ್ಲರೂ ಮತ್ತೆ ನಕ್ಕರು.

ಬೆಣ್ಣೆ ದೋಸೆಯ ಪಾರ್ಸಲ್ ಹೇಗಿರುತ್ತದೆ ಅಂತ ನನಗೆ ಗೊತ್ತು, ನಿಮಗೂ ಗೊತ್ತು. ಕಾವಲಿಯಿಂದ ಎಲೆಗೆ ಬಂದ ಐದು ನಿಮಿಷದಲ್ಲಿ ತಿಂದರೆ ಅದು ದೋಸೆ. ಕಾಗದದಲ್ಲಿ ಸುತ್ತಿ, ಬೈಕಿಗೆ ನೇತು ಹಾಕಿ, ಮೂವತ್ತು ಕಿಲೋಮೀಟರ್ ತಂದರೆ ಅದು ಚಪ್ಪಲಿ ತೊಗಲು. ಬೆಣ್ಣೆಯೆಲ್ಲ ಕಾಗದ ಕುಡಿದಿರುತ್ತದೆ.

ಯಾಕೆ ಹೋಗಲ್ಲ ಅಂತ ಕೇಳಿದೆ. ದುಡ್ಡು ಅಂದರು ಕೆಲವರು. ಅದು ಸುಳ್ಳಲ್ಲ. ಐದು ಜನ ಹೋಗಿ ಹೊಟ್ಟೆ ತುಂಬ ತಿಂದು ಕಾಫಿ ಕುಡಿದರೆ ನಿಮ್ಮ ಹದಿನಾಲ್ಕು ಹದಿನೈದು ಲೀಟರ್ ಹಾಲಿನ ಬಟವಾಡೆ ಅಲ್ಲೇ ಮುಗಿಯುತ್ತದೆ, ಬಸ್ಸಿನ ಖರ್ಚು ಬೇರೆ. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲಿನ ದರ ಲೀಟರಿಗೆ 4 ರೂಪಾಯಿ ಏರಿದಾಗ ಪೇಟೆಯಲ್ಲಿ ಕಾಫಿ ಎಷ್ಟಾಗುತ್ತದೋ ಅನ್ನುವುದೇ ಮಾತಾಗಿತ್ತು. ಹಿಂಡಿ ಚೀಲದ ದರದ ಬಗ್ಗೆ ಅಲ್ಲಿ ಯಾರೂ ಮಾತಾಡಲಿಲ್ಲ. ಹಾಗಾಗಿ ದುಡ್ಡಿನ ಮಾತಿಗೆ ನಾನು ವಾದ ಮಾಡುವುದಿಲ್ಲ. ಆದರೆ ಅದೇ ಮನೆಗಳಿಂದ ಗಂಡ, ಮಕ್ಕಳು ಹೋಗಿ ತಿಂದು ಬರುತ್ತಾರಲ್ಲ, ಪಾರ್ಸಲ್ ಕಟ್ಟಿಸಿಕೊಂಡೂ ಬರುತ್ತಾರಲ್ಲ? ಪಾರ್ಸಲ್ಲಿಗೆ ಕೊಡುವ ದುಡ್ಡನ್ನೇ ಅಲ್ಲಿ ಎಲೆಗೆ ಕೊಟ್ಟರೆ ಸಾಲದೇ? ಕಡಿಮೆ ಬೀಳುವುದು ಒಂದು ಬಸ್ ಚಾರ್ಜು, ಅದಕ್ಕೂ ಈಗ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ.

ಉಳಿದವರೆಲ್ಲ ಹೇಳಿದ್ದು ನಮ್ಮವ್ವನ ಮಾತನ್ನೇ. ಹಸು ಬೇರೆಯವರಿಗೆ ಸೊರ ಬಿಡಲ್ಲ.

ಇಲ್ಲಿಂದ ನನ್ನ ಕಸುಬಿನ ಮಾತು. ಆ ಮಾತು ಅರ್ಧ ನಿಜ. ಕೆಚ್ಚಲು ತೊಳೆದು, ಸವರಿ, ತೊಟ್ಟು ಮುಟ್ಟಿದಾಗ ಸುದ್ದಿ ನರಗಳ ಮೂಲಕ ಮಿದುಳಿಗೆ ಹೋಗುತ್ತದೆ. ಅಲ್ಲಿಂದ ಆಕ್ಸಿಟೋಸಿನ್ ಎನ್ನುವ ರಸ ರಕ್ತಕ್ಕೆ ಬಿಡುಗಡೆಯಾಗಿ ಸುಮಾರು ಒಂದು ನಿಮಿಷದಲ್ಲಿ ಕೆಚ್ಚಲಿಗೆ ಮುಟ್ಟುತ್ತದೆ. ಆಗ ಹಾಲು ಕೆಳಗೆ ಇಳಿಯುತ್ತದೆ. ನೀವು ಸೊರ ಬಿಟ್ಟಿತು ಅನ್ನುವುದು ಅದನ್ನೇ. ಆ ರಸದ ಜೋರು ಇರುವುದು ಐದರಿಂದ ಎಂಟು ನಿಮಿಷ. ಅಷ್ಟರಲ್ಲಿ ಹಿಂಡಿ ಮುಗಿಸಬೇಕು. ಹಸು ಹೆದರಿದರೆ, ಗದರಿಸಿದರೆ, ಹೊಡೆದರೆ ಇನ್ನೊಂದು ರಸ ಬಂದು ಇದನ್ನು ತಡೆದುಬಿಡುತ್ತದೆ. ಹಾಲು ಮೇಲೇ ನಿಲ್ಲುತ್ತದೆ. ಹೊಸ ಕೈ, ಹೊಸ ವಾಸನೆ, ಹೊಸ ದನಿ, ಇವು ಹಸುವಿಗೆ ಹೆದರಿಕೆ. ಅದಕ್ಕೇ ನಿಮಗೆ ಬಿಟ್ಟಷ್ಟು ಬೇರೆಯವರಿಗೆ ಬಿಡುವುದಿಲ್ಲ.

ಆದರೆ ಹಸು ಹುಟ್ಟುವಾಗಲೇ ನಿಮ್ಮ ಕೈ ಗುರುತು ಹಿಡಿದುಕೊಂಡು ಬಂದಿಲ್ಲ. ನೀವು ದಿನಾ ಕೂತು ಕಲಿಸಿದ್ದೀರಿ. ಇನ್ನೊಂದು ಕೈಯನ್ನೂ ಕಲಿಸಬಹುದು. ನಾನು ನೋಡಿದ ಮಟ್ಟಿಗೆ ಹದಿನೈದು ಇಪ್ಪತ್ತು ದಿನ ಸಾಕು. ಮೊದಲ ನಾಲ್ಕೈದು ದಿನ ಹೊಸಬರು ಹಿಂಡುವುದೇ ಬೇಡ. ಹಿಂಡುವ ಹೊತ್ತಿಗೆ ಬಂದು ತಿಂಡಿ ಇಡಲಿ, ಮೈ ತಿಕ್ಕಲಿ, ಪಕ್ಕದಲ್ಲಿ ಕೂತು ಮಾತಾಡಲಿ. ಆಮೇಲೆ ಕೆಚ್ಚಲು ತೊಳೆಯುವುದು ಅವರದು, ಹಿಂಡುವುದು ನಿಮ್ಮದು. ಆಮೇಲೆ ನೀವು ಶುರು ಮಾಡಿ, ಸೊರ ಬಿಟ್ಟ ಮೇಲೆ ಎರಡು ತೊಟ್ಟು ಅವರಿಗೆ ಬಿಡಿ. ಕೊನೆಯಲ್ಲಿ ನೀವು ಬಾಗಿಲ ಹತ್ತಿರ ನಿಲ್ಲಿ, ಆಮೇಲೆ ಅಲ್ಲಿಯೂ ನಿಲ್ಲಬೇಡಿ. ಅದೇ ಜಾಗ, ಅದೇ ಹೊತ್ತು, ಅದೇ ಬಕೆಟ್ಟು. ನೀವು ಹಾಡು ಗುನುಗುವವರಾದರೆ ಅವರೂ ಗುನುಗಲಿ, ದನಿ ಹೇಗಿದ್ದರೂ ಪರವಾಗಿಲ್ಲ. ಹೆಬ್ಬೆರಳು ಮಡಚಿ ತೊಟ್ಟು ಎಳೆದು ಹಿಂಡುವುದನ್ನು ಮಾತ್ರ ಮೊದಲ ದಿನವೇ ಬಿಡಿಸಿ, ಪೂರ್ತಿ ಅಂಗೈಯಲ್ಲಿ ಹಿಡಿದು ಹಿಂಡುವುದನ್ನು ಕಲಿಸಿ. ಎಳೆದು ಹಿಂಡಿದರೆ ತೊಟ್ಟಿನ ಒಳಗೆ ಗಾಯವಾಗುತ್ತದೆ. ಮೊದಲ ಧಾರೆ ಬೇರೆ ಲೋಟಕ್ಕೆ ಹಿಡಿದು ಗರಣೆ ಇದೆಯಾ ನೋಡಲಿ. ಹಿಂಡಿದ ಮೇಲೆ ತೊಟ್ಟುಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಲಿ. ತೊಟ್ಟಿನ ಬಾಯಿ ಮುಚ್ಚಿಕೊಳ್ಳಲು ಅರ್ಧ ಗಂಟೆ ಬೇಕು, ಅಲ್ಲಿಯವರೆಗೆ ಹಸು ಮಲಗದ ಹಾಗೆ ಮುಂದೆ ಹುಲ್ಲು ಹಾಕಲಿ.

ಮೊದಲ ವಾರ ಅರ್ಧ ಲೀಟರ್, ಮುಕ್ಕಾಲು ಲೀಟರ್ ಕಡಿಮೆಯಾಗುತ್ತದೆ. ಆಗಲಿ. ಆಮೇಲೆ ಹತ್ತಿರ ಹತ್ತಿರ ಮೊದಲಿನ ಲೆಕ್ಕಕ್ಕೇ ಬರುತ್ತದೆ. ಆದರೆ ಈಗಷ್ಟೇ ಕರು ಹಾಕಿದ ಹಸುವಿನ ಮೇಲೆ ಈ ಪಾಠ ಬೇಡ, ಹಾಲಿಳಿದು ಎರಡು ಮೂರು ತಿಂಗಳಾಗಲಿ.

ಹೊಸಬರು ಅಂದಾಗ ನಿಮಗೆ ಸೊಸೆಯೇ ನೆನಪಾದಳು ಅಲ್ಲವೇ? ನನಗೆ ಗೊತ್ತಿತ್ತು. ಸೊಸೆಗೆ ಕಲಿಸಿದರೆ ನೀವು ದೋಸೆಗೆ ಹೋಗುತ್ತೀರಿ, ಅವಳು ಕೊಟ್ಟಿಗೆಯಲ್ಲಿ ಉಳಿಯುತ್ತಾಳೆ. ಇನ್ನು ಮೂವತ್ತು ವರ್ಷ ಬಿಟ್ಟು ನನ್ನಂಥ ಇನ್ನೊಬ್ಬಳು ಡಾಕ್ಟರು ಇದನ್ನೇ ಬರೆಯುತ್ತಾಳೆ. ಗಂಡನಿಗೆ ಕಲಿಸಿ, ಮಗನಿಗೆ ಕಲಿಸಿ. ಗಂಡಸು ಕೂತರೆ ಹಸು ಒದೆಯುತ್ತದೆ ಅನ್ನುತ್ತೀರಿ. ಪೇಟೆ ಪಕ್ಕದ ದೊಡ್ಡ ಡೇರಿ ಫಾರಮ್ಮುಗಳಿಗೆ ಹೋಗಿ ನೋಡಿ, ಹಾಲು ಹಿಂಡುವ ಕೂಲಿಯವರು ಬಹುಪಾಲು ಗಂಡಸರೇ. ಅಲ್ಲಿನ ಹಸುಗಳೇನು ಬೇರೆ ದೇಶದವೇ? ಒದೆಯುವುದು ಗಂಡಸು ಅಂತಲ್ಲ, ಅಪರಿಚಿತ ಅಂತ. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದೂ ಆತ ಹಸುವಿಗೆ ಅಪರಿಚಿತನಾಗಿ ಉಳಿದಿದ್ದಾನೆ ಅಂದರೆ ತಪ್ಪು ಹಸುವಿನದಲ್ಲ.

ಹಾಲು ಹಿಂಡುವ ಯಂತ್ರ ತಂದುಬಿಟ್ಟರೆ ಆಗಲಿಲ್ಲವೇ ಅಂತ ಕೆಲವರು ಕೇಳುತ್ತಾರೆ. ತನ್ನಿ, ಬಹಳ ಒಳ್ಳೆಯದು, ಬೆರಳಿನ ನೋವಾದರೂ ಉಳಿಯುತ್ತದೆ. ಆದರೆ ಯಂತ್ರ ತಾನೇ ಎದ್ದು ಹೋಗಿ ಕೆಚ್ಚಲಿಗೆ ಹತ್ತಿಕೊಳ್ಳುವುದಿಲ್ಲ.

ಇದೆಲ್ಲ ಒಂದು ದೋಸೆಗಾಗಿಯೇ? ಅಲ್ಲ. ಹೋದ ಮಳೆಗಾಲದ ಒಂದು ಮನೆಯ ಕಥೆ ಹೇಳುತ್ತೇನೆ. ಊರು, ಹೆಸರು ಬೇಡ. ಆ ಅಕ್ಕ ಸಂಘಕ್ಕೆ ಹಾಲು ಹಾಕಿ ಬರುವಾಗ ಕೆಸರಿನಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಆಸ್ಪತ್ರೆಯಲ್ಲಿ ಮೂರು ದಿನ. ಮನೆಯಲ್ಲಿ ಹದಿನಾಲ್ಕು ಲೀಟರ್ ಕೊಡುವ ಎಚ್‌ಎಫ್ ಹಸು, ಕರು ಹಾಕಿ ಒಂದೂವರೆ ತಿಂಗಳು. ಗಂಡ ಕೂತರೆ ಒದೆಯಿತು. ಪಕ್ಕದ ಮನೆಯವರು ಬಂದು ಅವರ ಮನೆ ಕೆಲಸ ಮುಗಿದ ಮೇಲೆ ಒಂದಷ್ಟು ಹಿಂಡಿ ಹೋದರು. ಸಂಜೆ ಅದೂ ಇಲ್ಲ. ಕೆಚ್ಚಲಿನಲ್ಲಿ ಹಾಲು ನಿಂತಿತು. ಮೂರನೇ ದಿನ ಆತ ನನಗೆ ಫೋನ್ ಮಾಡಿದ್ದು ಹಸುವಿಗೆ ಹುಷಾರಿಲ್ಲ ಅಂತಲ್ಲ. “ಡಾಕ್ಟ್ರೇ, ಹಾಲು ಇಳಿಸೋ ಸೂಜಿ ಐತಂತಲ್ಲ, ಅದನ್ನ ಹಾಕಿ ಹೋಗ್ರಿ” ಅಂತ.

ಆ ಸೂಜಿಯ ಬಗ್ಗೆ ಒಂದು ಮಾತು. ಹಾಲು ಇಳಿಸಲಿಕ್ಕೆ ಅಂತ ದಿನಾ ಆಕ್ಸಿಟೋಸಿನ್ ಚುಚ್ಚುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಚುಚ್ಚಿ ರೂಢಿಯಾದ ಹಸು ಚುಚ್ಚದೆ ಸೊರ ಬಿಡುವುದನ್ನೇ ಮರೆಯುತ್ತದೆ. ಅಂಗಡಿಯಲ್ಲಿ ಯಾರಾದರೂ ಕೈಗೆ ಕೊಟ್ಟರೂ ತರಬೇಡಿ.

ನಾನು ಹೋಗಿ ನೋಡಿದಾಗ ಹಿಂದಿನ ಎಡ ಭಾಗ ಕಲ್ಲಾಗಿತ್ತು. ಮುಟ್ಟಿದರೆ ಬಿಸಿ. ಹಿಂಡಿದರೆ ಗರಣೆ, ಹಳದಿ ನೀರು. ಹಸುವಿಗೆ ಜ್ವರ. ಐದು ದಿನ ಔಷಧಿ ನಡೆಯಿತು. ಅಷ್ಟು ದಿನ, ಆಮೇಲೂ ಔಷಧಿಯ ಅಂಶ ಹೋಗುವವರೆಗೆ, ಒಂದು ಹನಿ ಹಾಲನ್ನೂ ಸಂಘಕ್ಕೆ ಹಾಕುವ ಹಾಗಿಲ್ಲ. ಮೂರು ಭಾಗ ಉಳಿದವು, ಆ ಒಂದು ಭಾಗ ಉಳಿಯಲಿಲ್ಲ. ಹಸು ಒಂಬತ್ತು ಲೀಟರಿಗೆ ಬಂದು ನಿಂತಿತು. ಕಡೆಯ ದಿನ ಬೆಳಿಗ್ಗೆ ನಾನು ಹೋದಾಗ ಆ ಅಕ್ಕ ಆಸ್ಪತ್ರೆಯಿಂದ ಬಂದಿದ್ದರು. ಬಲಗೈಗೆ ಪ್ಲಾಸ್ಟರು, ಎಡಗೈಯಲ್ಲಿ ಹಿಂಡುತ್ತಿದ್ದರು. ಮಂಡಿ ಮಧ್ಯೆ ಇದ್ದ ಬಕೆಟ್ಟು ಜಾರುತ್ತಿತ್ತು. ನನ್ನನ್ನು ನೋಡಿ, “ನಾನು ಬೀಳಬಾರದಾಗಿತ್ತು ಡಾಕ್ಟ್ರಮ್ಮಾರೇ” ಅಂದರು.

ಆ ಮಾತು ನನಗೆ ಈಗಲೂ ಮರೆಯಲು ಆಗಿಲ್ಲ. ಬಿದ್ದದ್ದು ಅವರ ತಪ್ಪು ಅಂತ ಅವರೇ ನಂಬಿದ್ದರು. ಮನೆಯಲ್ಲಿ ಆರೋಗ್ಯವಾಗಿದ್ದ ಇನ್ನೂ ನಾಲ್ಕು ಕೈಗಳಿದ್ದವು.

ಅದಕ್ಕೇ ನಾನು ದೋಸೆಯ ಮಾತು ಎತ್ತಿದ್ದು. ಜ್ವರ ಬಂದಾಗ, ಕೈ ಮುರಿದಾಗ, ಮಗಳ ಬಾಣಂತನಕ್ಕೆ ಹೋಗಬೇಕಾದಾಗ ಕಲಿಸುತ್ತೇನೆ ಅಂದರೆ ಆಗುವುದಿಲ್ಲ. ಚೆನ್ನಾಗಿರುವಾಗ, ಖುಷಿಗಾಗಿ, ಒಂದು ಶನಿವಾರ ಸಂಜೆ ಹೋಗಿ ಭಾನುವಾರ ಬನ್ನಿ. ಆಗ ಮನೆಯಲ್ಲಿ ಯಾರ ಕೈಗೆ ಹಸು ಒಗ್ಗಿದೆ, ಯಾರಿಗೆ ಹಿಂಡಿ ಎಷ್ಟು ಹಾಕಬೇಕು ಅಂತಲೂ ಗೊತ್ತಿಲ್ಲ, ಎಲ್ಲ ಹೊರಗೆ ಬರುತ್ತದೆ. ಅವತ್ತು ಹೋಗುವುದು ಒಂದು ಲೀಟರ್ ಹಾಲು, ಕೆಚ್ಚಲಿನ ಒಂದು ಭಾಗವಂತೂ ಹೋಗುವುದಿಲ್ಲ.

ಪೇಟೆ ಹತ್ತಿರದವರಿಗೆ ಇನ್ನೊಂದು ಮಾತು, ಸ್ವಲ್ಪ ಖಾರವಾಗಿದೆ. ನಿಮಗೆ ಹಸು ಅಡ್ಡ ಬರುವುದೇ ಇಲ್ಲ. ಬೆಳಿಗ್ಗೆ ಆರೂವರೆ ಏಳಕ್ಕೆ ಸಂಘಕ್ಕೆ ಹಾಲು ಹಾಕಿ ಆಗಿರುತ್ತದೆ. ಸಂಜೆಯ ಹಿಂಡುವ ಹೊತ್ತು ನಾಲ್ಕರ ಮೇಲೆ. ಮಧ್ಯೆ ಒಂಬತ್ತು ಗಂಟೆ ಇದೆ. ಒಂದು ದಿನ ಸಂಜೆ ಒಂದು ಗಂಟೆ ತಡವಾದರೂ ಹಸುವಿಗೆ ಏನೂ ಆಗುವುದಿಲ್ಲ. ಒಂದು ಹೊತ್ತು ಪೂರ್ತಿ ಬಿಡಬಾರದು ಅಷ್ಟೆ. ಹಾಗಾದರೆ ನಿಮ್ಮನ್ನು ಹಿಡಿದಿರುವುದು ಏನು? ಸಗಣಿ ಬುಟ್ಟಿ. ಮೆಕ್ಕೆಜೋಳದ ಸೊಪ್ಪೆ ಕತ್ತರಿಸುವುದು, ಕೊಟ್ಟಿಗೆ ತೊಳೆಯುವುದು, ನೀರು ಕುಡಿಸುವುದು. ಅದಕ್ಕೆ ಯಾವ ಸೊರವೂ ಬೇಕಿಲ್ಲ, ಯಾರ ಕೈಯಾದರೂ ಆದೀತು. ಸಗಣಿ ಬುಟ್ಟಿ ಯಾರು ಎತ್ತಬೇಕು ಅನ್ನುವ ಮಾತನ್ನು ಮನೆಯಲ್ಲಿ ಎತ್ತಲಾರದೆ ಪಾಪದ ಹಸುವಿನ ಮೇಲೆ ಹಾಕುತ್ತಿದ್ದೇವೆ. ನಮ್ಮವ್ವನೂ ಅದನ್ನೇ ಮಾಡಿದಳು. ಹಸುವಿನ ಹೆಸರು ಹೇಳಿದರೆ ಯಾರೂ ತಿರುಗಿ ಮಾತಾಡುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು.

ಹೋಟೆಲಿಗೆ ಹೋದವರು ಬರುವಾಗ ಹಸುವಿಗೆ ಅಂತ ಪ್ರೀತಿಯಿಂದ ಉಳಿದ ಅನ್ನ, ಹುಳಿ ಬಂದ ದೋಸೆ ಹಿಟ್ಟು ಕೇಳಿ ತರುವುದುಂಟು. ತರಬೇಡಿ. ಬೇಯಿಸಿದ ಅನ್ನ, ಹಿಟ್ಟು ಒಮ್ಮೆಗೇ ಹೆಚ್ಚು ತಿಂದರೆ ಹಸುವಿನ ಹೊಟ್ಟೆಯಲ್ಲಿ ಹುಳಿ ಏರಿ, ಮೆಲುಕು ನಿಂತು, ಹಸು ಮಲಗಿಬಿಡುತ್ತದೆ. ಮದುವೆ, ಜಾತ್ರೆ ಆದ ಮಾರನೇ ದಿನ ನನಗೆ ಬರುವ ಫೋನುಗಳಲ್ಲಿ ಇದೇ ಹೆಚ್ಚು. ಕೆಲವನ್ನು ಉಳಿಸಲಾಗಿಲ್ಲ. ಹೋಟೆಲಿನಲ್ಲಿ ಕೇಳುವುದೇ ಇದ್ದರೆ ಬೆಣ್ಣೆ ಎಲ್ಲಿಂದ ತರುತ್ತೀರಿ, ಇದು ಬೆಣ್ಣೆಯೇ ಹೌದಾ ಅಂತ ಕೇಳಿ. ಅದನ್ನು ಕೇಳುವ ಹಕ್ಕು ಆ ಹೋಟೆಲಿನಲ್ಲಿ ನಿಮಗಿಂತ ಹೆಚ್ಚಾಗಿ ಯಾರಿಗೂ ಇಲ್ಲ.

ಸಂಘಗಳಿಗೂ ನನ್ನದೊಂದು ಕೇಳಿಕೆ ಇದೆ. ಕೆಚ್ಚಲು ಆರೋಗ್ಯದ ತರಬೇತಿ ಅಂದ ಕೂಡಲೇ ಹೆಂಗಸರನ್ನು ಕರೆಯುತ್ತೇವೆ, ಪ್ರವಾಸ ಅಂದ ಕೂಡಲೇ ಗಂಡಸರು ಬಸ್ಸು ಹತ್ತುತ್ತಾರೆ. ಪಾಸ್ ಪುಸ್ತಕದಲ್ಲಿ ಹೆಸರು ಹೆಂಡತಿಯದು, ಡೇರಿ ನೋಡಲು ಹೋಗಿ ಬರುವವನು ಗಂಡ. ಇದನ್ನು ಒಂದು ವರ್ಷ ಅದಲು ಬದಲು ಮಾಡಿ ನೋಡಬಾರದೇ? ಹಾಲು ಹಿಂಡುವ ತರಬೇತಿಗೆ ಗಂಡಸರನ್ನು ಕರೆಯಿರಿ. ನಾನೇ ಬಂದು ಕಲಿಸುತ್ತೇನೆ, ಒದೆ ತಿಂದರೆ ಅಯೋಡಿನ್ನೂ ನಾನೇ ಹಚ್ಚುತ್ತೇನೆ. ಅವತ್ತು ಹೆಂಗಸರ ಬಸ್ಸು ಬೇರೆ ಕಡೆ ಹೋಗಲಿ. ಕೆಲವು ಕಾರ್ಯದರ್ಶಿಗಳು ಇದನ್ನು ಓದಿ ಮುಖ ಸಿಂಡರಿಸಬಹುದು. ಮುಂದಿನ ಭೇಟಿಯಲ್ಲಿ ಬೈಯಲಿ, ಕೇಳಿಸಿಕೊಳ್ಳುತ್ತೇನೆ.

ಅವ್ವನ ವಿಷಯಕ್ಕೆ ಬರುತ್ತೇನೆ. ದಸರಾ ರಜೆಗೆ ಊರಿಗೆ ಹೋದಾಗ ಅಣ್ಣನ ಜೊತೆ ಜಗಳವಾಡಿದೆ. ಮೊದಲು ನಕ್ಕ, ಆಮೇಲೆ ಸಿಟ್ಟಾದ, ಎರಡನೇ ದಿನ ಬೆಳಿಗ್ಗೆ ಐದೂವರೆಗೆ ಎದ್ದು ಕೊಟ್ಟಿಗೆಗೆ ಬಂದ. ಗೌರಿ ಎರಡು ಸಲ ಬಕೆಟ್ಟು ಉರುಳಿಸಿದಳು. ಹಿಂಡುವವನ ಬೆರಳು ಮೂರನೇ ದಿನಕ್ಕೇ ಊದಿಕೊಂಡವು. “ಇದನ್ನ ಅವ್ವ ದಿನಾ ಎರಡು ಹೊತ್ತು ಮಾಡ್ತಾಳಾ?” ಅಂತ ನನ್ನನ್ನು ಕೇಳಿದ. ಅವನ ವಯಸ್ಸು ನಲವತ್ತೊಂದು. ಅವ್ವನಿಗೆ ಮೊದಲ ವಾರ ಸಂಕಟ. ಬಾಗಿಲ ಹಿಂದೆ ನಿಂತು, ಸದ್ದು ಕೇಳಿಯೇ, “ಹಿಂದಿನ ಬಲಗಡೇದು ಇನ್ನೂ ಖಾಲಿ ಆಗಿಲ್ಲ” ಅನ್ನುತ್ತಿದ್ದಳಂತೆ. ಹತ್ತೊಂಬತ್ತು ದಿನ ಹಿಡಿಯಿತು.

ಹೋದ ತಿಂಗಳ ಎರಡನೇ ಶನಿವಾರ ಅವ್ವ ಬಂದಳು. ರಾತ್ರಿ ಮೂರು ಸಲ ಎದ್ದು ಗಡಿಯಾರ ನೋಡಿದಳು. ಬೆಳಿಗ್ಗೆ ಹೋಟೆಲಿನಲ್ಲಿ ನಲವತ್ತು ನಿಮಿಷ ನಿಂತು ಜಾಗ ಸಿಕ್ಕಿತು. ದೋಸೆ ಬಂತು. ಅವ್ವ ಮೊದಲು ಬೆಣ್ಣೆಯನ್ನು ಬೆರಳಲ್ಲಿ ಮುಟ್ಟಿ ನೆಕ್ಕಿ ನೋಡಿ, “ಬೆಣ್ಣೆನೇ,” ಅಂದಳು. ಆಮೇಲೆ ಮಾತಿಲ್ಲದೆ ತಿಂದಳು. ತಿನ್ನುತ್ತಿರುವಾಗಲೇ ಅಣ್ಣನ ಫೋನು. ಏಳು ಲೀಟರಿನ ಜಾಗದಲ್ಲಿ ಆರೂವರೆ ಆಗಿದೆ, ಡಿಗ್ರಿ 3.9 ಬಂದಿದೆ, ಸಗಣಿ ಎತ್ತಿ ಆಗಿದೆ ಅಂತ ವರದಿ. ಅವ್ವ ಫೋನು ಇಟ್ಟು ನನ್ನ ಕಡೆ ನೋಡಿದಳು. ಲೆಕ್ಕ ನನ್ನ ಮಗಳು ಆಗಲೇ ಹೇಳಿಕೊಟ್ಟಿದ್ದಳು.

“ಅರ್ಧ ಲೀಟರ್ ಹೋತು,” ಅಂದಳು. “ಹೋಗ್ಲಿ ಬಿಡು. ನಂಗೆ ಇನ್ನೊಂದು ಹೇಳು.”